ರೆಕ್ಕೆ ಹಿಡಿಯಲು ಒಬ್ಬರು

ಹನ್ನೆರಡು ಅಡಿ ಉದ್ದದ ವಿಮಾನಕ್ಕೆ ರೆಕ್ಕೆ ಜೋಡಿಸಲು ಇಬ್ಬರು ಬೇಕು. ಒಬ್ಬ ಈ ಕಡೆಯಿಂದ ರೆಕ್ಕೆಯನ್ನು ಕೊಳವೆಗೆ ತೂರಿಸಬೇಕು, ಇನ್ನೊಬ್ಬ ಆ ಕಡೆಯದನ್ನು ಹಿಡಿದುಕೊಂಡಿರಬೇಕು. ನಮ್ಮ ಮನೆಯಲ್ಲಿರುವುದು ನಾನೊಬ್ಬನೇ. ಹಾಗಾಗಿ ಕಾಫಿ ಗೋದಾಮಿನ ತೊಲೆಯಿಂದ ಹಗ್ಗ ಇಳಿಬಿಟ್ಟು, ಒಂದು ರೆಕ್ಕೆಯನ್ನು ಅದಕ್ಕೆ ಕಟ್ಟಿ, ಇನ್ನೊಂದನ್ನು ಕೈಯಲ್ಲಿ ಹಿಡಿದು ಜೋಡಿಸುತ್ತಿದ್ದೆ. ಹಗ್ಗ ತಕರಾರು ಮಾಡುವುದಿಲ್ಲ, ಕಾಫಿಯನ್ನೂ ಕೇಳುವುದಿಲ್ಲ. ಒಳ್ಳೆಯ ಜೊತೆಗಾರ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಶುದ್ಧ ಸುಳ್ಳು.

ನಾನು ತೀರ್ಥಪ್ರಸಾದ್. ಸಂಪಾಜೆಯಿಂದ ಮಡಿಕೇರಿವರೆಗಿನ ಎಸ್ಟೇಟುಗಳಲ್ಲಿ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರ ರಿಪೇರಿ ಮಾಡುತ್ತಲೇ ಅರವತ್ತು ಮುಟ್ಟಿದವನು. ಮದುವೆ ಆಗಲಿಲ್ಲ, ಯಾಕೆ ಎಂದು ಕೇಳುವವರೂ ಈಗಿಲ್ಲ. ಮಂಗಳೂರಿಗೆ ಇಳಿಯುವ ವಿಮಾನ ನಮ್ಮ ಗುಡ್ಡದ ಮೇಲೇ ಹೋಗುತ್ತದೆ. ಅದರಲ್ಲಿ ಕೂರುವ ಆಸೆ ನನಗೆ ಯಾವತ್ತೂ ಇರಲಿಲ್ಲ, ಅಂಥದ್ದೊಂದನ್ನು ಮಾಡುವ ಆಸೆ ಇತ್ತು. ತರ್ಮಾಕೋಲನ್ನು ಕಾದ ತಂತಿಯಲ್ಲಿ ಕೊಯ್ದೆ, ಬಿದಿರಿನ ಸೀಳು ಕೂರಿಸಿದೆ, ಗಾಜಿನ ನಾರಿನ ಬಟ್ಟೆ ಅಂಟಿಸಿ ಉಜ್ಜಿದೆ, ಬಿಳಿ ಬಣ್ಣ ಬಳಿದು ಕಿಟಕಿಗಳನ್ನು ಒಂದೊಂದಾಗಿ ಬರೆದೆ. ರೆಕ್ಕೆಯ ಕೆಳಗೆ ಎರಡು ಮೋಟಾರು, ಹೊಟ್ಟೆಯಲ್ಲಿ ಎರಡು ದೊಡ್ಡ ಬ್ಯಾಟರಿ. ಅದು ಹಾರುವುದನ್ನು ನನ್ನ ಪಕ್ಕ ನಿಂತು ಒಬ್ಬರಾದರೂ ನೋಡಬೇಕು. ನನಗೆ ಬೇಕಿದ್ದುದು ಅಷ್ಟೇ.

ನಮ್ಮ ಬೆಟ್ಟದೂರಿನಲ್ಲಿ ಸಪಾಟು ಜಾಗವೆಂದರೆ ಕುಯ್ಲಾದ ಗದ್ದೆ. ಗದ್ದೆ ಒಣಗುವ ಹೊತ್ತಿಗೇ ಕಾಫಿ ಹಣ್ಣಾಗಿ ಊರೆಲ್ಲ ತೋಟ ಸೇರಿರುತ್ತದೆ. ಕಾಫಿ ಕೊಯ್ಲು ಮುಗಿಯಲೆಂದು ಕಾದರೆ ಗಾಳಿ ಎದ್ದುಬಿಡುತ್ತದೆ. ಬದು ಕಡಿದು ಎರಡು ಗದ್ದೆಯನ್ನು ಒಂದು ಮಾಡಿ, ಪಕ್ಕದ ತೋಟದ ದೇರಪ್ಪನನ್ನು ಕರೆಯಲು ಹೋದೆ. ಒಂದೇ ಬೆಂಚಿನಲ್ಲಿ ಕೂತು ಓದಿದವರು ನಾವು.

“ಪಿಕ್ಕಿಂಗ್ ಟೈಂಲಿ ಆಳ್‌ಗಳ ಬಿಟ್ಟು ಬಾಕೆ ಆದಾ ತೀರ್ಥ? ಮುಗಿಲಿ, ಬತ್ತೆ,” ಎಂದ.

“ನಂಗೂ ಒಂದ್ ಸೀಟ್ ಇಡ್,” ಎಂದು ಅವನ ಹೆಂಡತಿ ಬೊಳ್ಳಮ್ಮ ನಕ್ಕಳು. ಕೆಲಸವಿಲ್ಲದ ಬಡಗಿ ಮಗುವಿನ ಕುಂಡೆ ಕೆತ್ತಿದ ಎಂಬ ಗಾದೆ ಇಬ್ಬರ ಮುಖದಲ್ಲೂ ಕಾಣುತ್ತಿತ್ತು. ನನಗೆ ಕೆತ್ತಲು ಮಗುವೂ ಇರಲಿಲ್ಲ.

ಮಾರನೆಯ ಬೆಳಿಗ್ಗೆ ರಿಮೋಟ್ ಹಿಡಿದು ಗದ್ದೆಯಲ್ಲಿ ನಿಂತು ಒಬ್ಬನೇ ಹಾರಿಸಿದೆ. ಕೂಳೆಯ ಮೇಲೆ ಕುಪ್ಪಳಿಸುತ್ತಾ ಓಡಿ, ಗದ್ದೆಯ ಕೊನೆಯಲ್ಲಿ ಎದ್ದೇಬಿಟ್ಟಿತು. ಸಿಲ್ವರ್ ಓಕ್ ಮರಗಳ ಮೇಲೆ ಹೋಗಿ, ದೊಡ್ಡ ಸುತ್ತು ಹಾಕಿ, ಹೊಟ್ಟೆಗೆ ಬಿಸಿಲು ಬೀಳಿಸಿಕೊಂಡು ನನ್ನ ತಲೆಯ ಮೇಲೇ ಬಂತು. ನಿಜವಾದ ವಿಮಾನವೇ. ನನಗೆ ಅಳು ಬಂತು. “ನೋಡ್, ನೋಡ್!” ಎಂದು ಪಕ್ಕಕ್ಕೆ ತಿರುಗಿದೆ.

ಪಕ್ಕದಲ್ಲಿ ಯಾರಿದ್ದರು? ಯಾರೂ ಇಲ್ಲ. ಮತ್ತೆ ತಲೆ ಎತ್ತುವಷ್ಟರಲ್ಲಿ ಅದು ವಾಲಿ, ಓಕ್ ಮರಕ್ಕೆ ಬಡಿದು, ಗದ್ದೆಗೆ ಮೂಗು ಕೊಟ್ಟಿತು. ಹೊಟ್ಟೆಯಲ್ಲಿದ್ದ ಬ್ಯಾಟರಿಗಳು ಒಂದರ ಹಿಂದೆ ಒಂದು ಸಿಡಿದವು. ಢಂ. ಢಂ. ಎದುರಿನ ಗುಡ್ಡವೂ ಅದನ್ನು ತಿರುಗಿ ಹೇಳಿತು.

ನಮ್ಮ ಕಡೆ ಗಂಡು ಮಗು ಹುಟ್ಟಿದರೆ ಕೋವಿಯಿಂದ ಒಂದು ಗುಂಡು ಹೊಡೆಯುತ್ತಾರೆ. ಯಾರಾದರೂ ಸತ್ತರೆ ಎರಡು. ಎರಡು ಕೇಳಿದವರು ಕೈಯಲ್ಲಿದ್ದ ಕೆಲಸ ಬಿಟ್ಟು ಆ ಮನೆಗೆ ಹೋಗಬೇಕು.

ಬೆಂಕಿಗೆ ಮಣ್ಣು ಎರಚಿ ಮುಗಿಸುವ ಮೊದಲೇ ಬಂದರು. ಮುಂದೆ ದೇರಪ್ಪ, ಕಾಲಲ್ಲಿ ಚಪ್ಪಲಿ ಇಲ್ಲ. ಹಿಂದೆ ಕಣ್ಣೊರೆಸಿಕೊಳ್ಳುತ್ತಾ ಬೊಳ್ಳಮ್ಮ. ಅವಳ ಹಿಂದೆ ಅವರ ತೋಟದ ಲೈನ್ ಮನೆಯ ಗಂಡಾಳು ಕಾಳಿ, ಸೊಂಟದಲ್ಲಿ ಹಣ್ಣಿನ ಚೀಲ ಹಾಗೇ ಇದೆ.

“ನೀ ಸತ್ತಿಲ್ಲೆನಾ ಮಾರಾಯ!” ಎಂದು ದೇರಪ್ಪ ನನ್ನ ಭುಜ ಹಿಡಿದು ಅಲ್ಲಾಡಿಸಿದ.

“ಹಾರ್‌ತ್, ದೇರಪ್ಪ. ಓಕ್ ಮರದ ಮೇಲಿಂದ ಸುತ್ತಿ ಬಾತ್,” ಎಂದೆ.

ಎಲ್ಲರೂ ಸುಟ್ಟ ತುಂಡುಗಳನ್ನು ನೋಡಿದರು. “ಹಾರಿರ್ತದೆ ಅಣ್ಣ,” ಎಂದ ಕಾಳಿ, ಕಾಯಿಲೆಯವರಿಗೆ ಹೇಳುವ ಹಾಗೆ. ನನಗೆ ಸಿಟ್ಟು ನೆತ್ತಿಗೇರಿತು.

“ನನ್ನ ಮನೇಲಿ ಕೋವಿನೇ ಇಲ್ಲೆ. ಇರೋದು ನಾನೊಬ್ಬ. ನಾನೇ ಸತ್ತರೆ ಗುಂಡು ಹೊಡ್ದವ ಯಾರ್? ಅಷ್ಟೂ ಯೋಚನೆ ಬಾತ್‌ಲೆನಾ ನಿಮ್ಗೆ?”

ಬೊಳ್ಳಮ್ಮ ನೆಲ ನೋಡಿದಳು. ದೇರಪ್ಪ ಬಹಳ ಪ್ರೀತಿಯಿಂದಲೇ ಬೆನ್ನು ತಟ್ಟಿದ.

“ಅದರ ಚಿಂತೆ ಬೇಡ ತೀರ್ಥ. ಆ ದಿನ ಬಂದರೆ ನನ್ನ ಕೋವಿ ಉಟ್ಟು. ಎರಡೂ ನಾನೇ ಬಂದ್ ಹೊಡಿತೆ. ಎಷ್ಟೇ ಪಿಕ್ಕಿಂಗ್ ಇರ್ಲಿ.”

ಅವನು ಮನಸಾರೆ ಹೇಳಿದ, ನನಗೆ ಗೊತ್ತು. ಹಣ್ಣು ತೂಗುವ ಹೊತ್ತಾಯಿತೆಂದು ಎಲ್ಲರೂ ಬಂದ ದಾರಿಯಲ್ಲೇ ಹೋದರು. ಮುರಿಯದೆ ಉಳಿದಿದ್ದ ಒಂದು ರೆಕ್ಕೆಯನ್ನು ಹೊತ್ತು ತಂದು, ಗೋದಾಮಿನಲ್ಲಿ ಮತ್ತೆ ಆ ಹಗ್ಗಕ್ಕೇ ಕಟ್ಟಿದೆ.