ಮೊದಲ ಆಯ್ಕೆ

ತಂತಿ ಶಾಲೆ ಎಂದು ಬರೆದರೆ ಬೀರ ಎಂಟು ದಿನದಲ್ಲಿ ಮನೆಗೆ ವಾಪಸು. ನೆಲಬಾಂಬಿನ ಶಾಲೆ ಎಂದು ಬರೆದರೆ? ಮಾಲತೇಶಪ್ಪ ಪೆನ್ನಿನ ಮುಚ್ಚಳ ತೆಗೆದು ಮತ್ತೆ ಹಾಕಿದ. ವಾಪಸು ಬಂದರೆ ಬರಲಿ ಎನ್ನುವುದು ಪ್ರೀತಿಯೋ, ಹಟವೋ? ಹಾಗಾದರೆ ಹೋಗಲಿ ಎನ್ನುವುದಕ್ಕೆ ಏನೆನ್ನಬೇಕು?

ಎದುರಿಗೆ ಚಾಪೆಯ ಮೇಲೆ ಕೂತಿದ್ದ ತಮ್ಮ ಬೀರ ಅಣ್ಣನ ಬಾಯಿಯನ್ನೇ ನೋಡುತ್ತಿದ್ದ. ದಾವಣಗೆರೆಯ ಹತ್ತಿ ಗಿರಣಿಯಲ್ಲಿ ಆರು ವರ್ಷ ಮಗ್ಗದ ಮುಂದೆ ನಿಂತವನು. ಆ ಗದ್ದಲದಲ್ಲಿ ಯಾರ ದನಿಯೂ ಯಾರಿಗೂ ಕೇಳುವುದಿಲ್ಲ. ಅಲ್ಲಿಯವರು ತುಟಿ ನೋಡಿಯೇ ಬೀಡಿ ಕೇಳುತ್ತಾರೆ, ತುಟಿ ನೋಡಿಯೇ ಜಗಳಾಡುತ್ತಾರೆ. ಹಾಗಾಗಿ ಆ ಸದ್ದಿಗೆ ಅವನ ಎಡಗಿವಿ ಪೂರ್ತಿ ಹೋಗಿದ್ದು, ಬಲಗಿವಿ ಮಂದವಾಗಿದ್ದು ಆನೆಕೊಂಡದ ಆ ಮನೆಯಲ್ಲಿ ಅಣ್ಣನನ್ನು ಬಿಟ್ಟು ಯಾರಿಗೂ ಗೊತ್ತಿರಲಿಲ್ಲ. ಕರೆದರೆ ಓಗೊಡದಿದ್ದಾಗ ಅವ್ವ ಕರಿಯವ್ವ ಉಡಾಫೆ ಎಂದುಕೊಳ್ಳುತ್ತಿದ್ದಳು.

ಚೀನಾ ಯುದ್ಧ ಮುಗಿದ ಮರುವರ್ಷ ಅದು. ಹರಿಹರದ ಸ್ಟೇಷನ್ನಿನ ಬಳಿ ಸೈನ್ಯಕ್ಕೆ ಆಳು ಸೇರಿಸಿಕೊಳ್ಳುತ್ತಿದ್ದರು. ಡಾಕ್ಟರು ಎದುರು ನಿಂತು ಪಿಸುಗುಟ್ಟಿದ ಅಂಕಿಗಳನ್ನೆಲ್ಲ ಬೀರ ತುಟಿ ಓದಿ ಒಂದೂ ತಪ್ಪದೆ ಹೇಳಿ ಪಾಸಾಗಿದ್ದ. ಎಸ್ಸೆಸ್ಸೆಲ್ಸಿ ಆದವನೆಂದು ತಂತಿ ಸುದ್ದಿ ಕಳಿಸುವುದು, ನೆಲದಲ್ಲಿ ಹೂತ ಬಾಂಬು ತೆಗೆಯುವುದು, ಈ ಎರಡು ತರಬೇತಿ ಶಾಲೆಗಳ ಹೆಸರಿದ್ದ ಫಾರಮು ಕೊಟ್ಟು ಕಳಿಸಿದ್ದರು. ಮೊದಲ ಆಯ್ಕೆ ಯಾವುದೆಂದು ಬರೆದು, ಮನೆಯ ಹಿರಿಯರ ರುಜು ಹಾಕಿಸಿ ಸೋಮವಾರ ತರಬೇಕು. ಅಪ್ಪ ಇಲ್ಲದ ಮನೆಯಲ್ಲಿ ಹಿರಿಯ ಎಂದರೆ ಬಿ.ಎ. ಓದಿ ಹರಿಹರದಲ್ಲಿ ಮೇಷ್ಟ್ರಾಗಿದ್ದ ಮಾಲತೇಶಪ್ಪನೇ.

"ತಂತಿ ಇಸ್ಕೂಲಿಗೆ ಬರಿಯಪ್ಪ," ಒಲೆಯ ಮುಂದಿನಿಂದ ಅವ್ವ ಹೇಳಿದಳು. "ಕುಂತಲ್ಲೇ ಕುಂತು ಟಕಟಕ ಅನ್ಸೋ ಕೆಲಸ ಅಂತೆ. ಬಾಂಬಿನ ಸವಾಸ ಬ್ಯಾಡ. ಇವನು ಮೊದಲೇ ಮಂಗ, ಕೈ ಸುಮ್ಕಿರಲ್ಲ."

ಅವಳಿಗೆ ಬೆನ್ನು ಮಾಡಿ ಕೂತಿದ್ದ ಬೀರನಿಗೆ ಅದು ತಲುಪಲಿಲ್ಲ. ಅವ್ವ ಏನಂತಾಳೆ ಎಂದು ಸದ್ದಿಲ್ಲದೆ ತುಟಿಯಾಡಿಸಿದ.

ಮಾಲತೇಶಪ್ಪನಿಗೂ ಗಿರಣಿಯವರ ಆ ಮಾತು ರೂಢಿಯಾಗಿತ್ತು. ತುಟಿಯಲ್ಲೇ ಉತ್ತರ ಕೊಟ್ಟ. "ನೀನು ಮಂಗ ಅಂತಾಳೆ."

"ಅದೇನು ಹೊಸಾದಲ್ಲ ಬಿಡು."

ಅವ್ವ ಒಲೆ ಊದುತ್ತಿದ್ದಳು. ಅವಳಿಂದ ನಾಲ್ಕು ಮಾರು ದೂರದಲ್ಲಿ ಮಾತು ಹಾಗೆಯೇ, ದನಿಯಿಲ್ಲದೆ, ಮುಂದುವರಿಯಿತು.

"ತಂತಿ ಶಾಲೆಯಾಗ ಕಿವಿಗೆ ಯಂತ್ರ ಹಾಕಿ ಕೂಡಿಸ್ತಾರೆ, ಬೀರ. ಮೊದಲನೇ ದಿನಾನೇ ಗೊತ್ತಾಗ್ತೈತೆ."

"ಅದಕ್ಕೇ ಬಾಂಬಿಂದು ಬರಿ ಅನ್ನೋದು. ಬಾಂಬು ಮಾತಾಡಲ್ಲ. ಕಣ್ಣಿದ್ರೆ ಸಾಕು."

"ಹಿಂದಿನಿಂದ ಯಾರಾದ್ರೂ ಕೂಗಿದ್ರೆ?"

ಬೀರ ಬಲಗಿವಿಯನ್ನು ಮುಟ್ಟಿ ತೋರಿಸಿದ. "ಮಗ್ಗಕ್ಕೆ ವಾಪಸು ಹೋದ್ರೆ ಇದೊಂದು ಕಿವಿನೂ ಹೋಗ್ತೈತಣ್ಣ. ಅಲ್ಲಿಗೆ ಮಾತ್ರ ಕಳಿಸಬ್ಯಾಡ."

ಮಾಲತೇಶಪ್ಪ ಬಾಗಿ ಬರೆದ. ಮೊದಲ ಆಯ್ಕೆ, ನೆಲಬಾಂಬಿನ ಶಾಲೆ. ರುಜು ಹಾಕಿದ.

"ತಂತೀದೇ ಬರದೆ ತಾನೆ?" ಅವ್ವ ಕೇಳಿದಳು.

"ಅಲ್ಲಿ ಜಾಗ ಇಲ್ಲಂತೆ ಅವ್ವ. ಇದು ಅದಕ್ಕಿಂತ ಒಳ್ಳೇದು."

ಓದಿದ ಮಗನ ಮಾತು. ಅವಳು ನಂಬಿದಳು.

ಎರಡು ವರ್ಷ ಕಾಗದಗಳು ಬಂದವು. ಶಾಲೆಯ ಪರೀಕ್ಷೆಯಲ್ಲಿ ತಾನು ಎರಡನೆಯವನೆಂದು ಬೀರ ಬರೆದಿದ್ದ. ಅರವತ್ತೈದರ ಯುದ್ಧ ನಿಂತಿತೆಂದು ಅವ್ವ ದೇವರಿಗೆ ಕಾಯಿ ಒಡೆಸಿದ ವಾರದಲ್ಲೇ, ಬೀರ ಇನ್ನಿಲ್ಲವೆಂದು ಟೆಲಿಗ್ರಾಂ ಬಂತು.

ಅವನ ಜೊತೆಗಿದ್ದ ಹವಾಲ್ದಾರ ಕಲ್ಲಪ್ಪ ರಜೆಯ ಮೇಲೆ ಬಂದಾಗ ಮನೆ ಹುಡುಕಿಕೊಂಡು ಬಂದ. ಕೊಟ್ಟ ನೀರನ್ನು ಕುಡಿಯದೆ ಚೊಂಬು ಹಿಡಿದೇ ಕೂತಿದ್ದ.

"ಜೋಳದ ಹೊಲ ಅವ್ವ. ಬಾಂಬು ತೆಗೆದ ದಾರಿಗೆ ಬಿಳಿ ಪಟ್ಟಿ ಎಳೆದಿದ್ವಿ. ಗಾಳಿಗೆ ಒಂದು ಕಡೆ ಕಿತ್ತಿತ್ತು. ಬೀರಪ್ಪ ಮುಂದಿದ್ದ, ಆಚೆ ಕಾಲಿಡಕ್ಕೆ ಹೋದ. ನಿಲ್ಲೋ ಅಂತ ನಾಕು ಮಂದಿ ಕೂಗಿದ್ವಿ. ತಿರುಗಲಿಲ್ಲ."

"ಗುಂಡಿನ ಸದ್ದಿತ್ತೇನಪ್ಪ?"

"ಇಲ್ಲವ್ವ. ಯುದ್ಧ ನಿಂತಿತ್ತು. ಗುಬ್ಬಿ ಕೂಗಿದ್ರೂ ಕೇಳಂಗಿತ್ತು."

ಅವ್ವ ಮಾಲತೇಶಪ್ಪನ ಕಡೆ ತಿರುಗಿದಳು. "ನಾಕು ಮಂದಿ ಕೂಗಿದ್ರಂತೆ. ಮತ್ತೆ ಅವನಿಗ್ಯಾಕ ಕೇಳಲಿಲ್ಲ?"

ಮಾಲತೇಶಪ್ಪ ಕಲ್ಲಪ್ಪನ ಕೈಯಲ್ಲಿದ್ದ ಚೊಂಬನ್ನು ತೆಗೆದು ಕೆಳಗಿಟ್ಟ.

ಉತ್ತರವನ್ನು ಅವಳೇ ಕೊಟ್ಟುಕೊಂಡಳು. "ಕರೆದ್ರೆ ತಿರುಗಿ ನೋಡೋದನ್ನ ನಾನೇ ಕಲಿಸಲಿಲ್ಲ. ತಂದೆಯಿಲ್ಲದ ಕೂಸು ಅಂತ ಸಲಿಗೆ ಕೊಟ್ಟೆ. ನನ್ನದೇ ತಪ್ಪು."

ಕರಿಯವ್ವ ಇನ್ನೂ ಮೂರು ವರ್ಷ ಇದ್ದಳು. ಬಂದವರಿಗೆಲ್ಲ ಅದನ್ನೇ ಹೇಳುತ್ತಿದ್ದಳು. ಆಗೆಲ್ಲ ಮಾಲತೇಶಪ್ಪ ಪಕ್ಕದಲ್ಲೇ ಇರುತ್ತಿದ್ದ. ತಮ್ಮನಿಗೆ ಕಿವಿ ಕೇಳುತ್ತಿರಲಿಲ್ಲ, ಅದು ತನಗೆ ಗೊತ್ತಿತ್ತು, ಗೊತ್ತಿದ್ದೇ ಆ ಶಾಲೆಯ ಹೆಸರು ಬರೆದೆ ಎಂದು ಅವನು ಅವಳಿಗೆ ಕೊನೆಯವರೆಗೂ ಹೇಳಲಿಲ್ಲ.