ಸಾಲಿನ ಕೊನೆಯ ಓರೆಗೆರೆ

"ಅತ್ತಿಗೆ, ಎಲ್ಲೀವರೆಗೆ ಬಂದ್ರಿ?"

ಬೆಳಿಗ್ಗೆಯಿಂದ ಇದು ಎಷ್ಟನೆಯ ಸಲವೋ. ನಾದಿನಿ ಕೂತ ಕುರ್ಚಿಯನ್ನೇ ಉರುಳಿಸಿಕೊಂಡು ಬಂದು ಅತ್ತಿಗೆಯ ಮೇಜಿಗೆ ಢಿಕ್ಕಿ ಹೊಡೆದು ನಿಂತಳು. ಅತ್ತಿಗೆ ಪರದೆಯಿಂದ ಕಣ್ಣು ಕೀಳಲಿಲ್ಲ.

"ನೀನು ಹೀಗೆ ಬಂದು ಬಂದು ಕೇಳ್ತಿದ್ರೆ ಸಾಯಂಕಾಲದವರೆಗೂ ಇಲ್ಲೇ ಇರ್ತೀನಿ. ಹೋಗು, ಸ್ವಲ್ಪ ಕೈಕಾಲು ಆಡಿಸಿಕೊಂಡು ಬಾ."

"ಹೋಗಲ್ಲ. ನೀವು ಓದೋವಾಗ ನಿಮ್ಮ ಮುಖ ನೋಡಬೇಕು ನಂಗೆ."

ಇಬ್ಬರದೂ ಒಂದೇ ಮನೆ, ಒಂದೇ ಬಸ್ಸು, ಒಂದೇ ಕಚೇರಿ. ಅತ್ತಿಗೆ ಮೊದಲಿನಿಂದ ಇಲ್ಲಿದ್ದವಳು. ಗಂಡನ ತಂಗಿ ಆಮೇಲೆ ಪರೀಕ್ಷೆ ಬರೆದು, ತನ್ನದೇ ಬಲದಿಂದ ಸೇರಿಕೊಂಡವಳು. ಮನೆಯಲ್ಲಿ ಇಸ್ತ್ರಿ ಪೆಟ್ಟಿಗೆಗಾಗಿ ದಿನವೂ ಕಿತ್ತಾಡುವ ಇವರು ಕಚೇರಿಯಲ್ಲಿ ಒಬ್ಬರ ಕೆಲಸಕ್ಕೆ ಒಬ್ಬರು ಕಾವಲು. ಒಬ್ಬಳು ಬರೆದ ಕೋಡನ್ನು ಇನ್ನೊಬ್ಬಳು ಸಾಲು ಸಾಲಾಗಿ ಓದಿ, ಸರಿಯಿದೆ ಎಂದು ಒಪ್ಪಿಗೆ ಒತ್ತಿದ ಮೇಲೆಯೇ, ಅಂದರೆ ರಿವ್ಯೂ ಮುಗಿದ ಮೇಲೆಯೇ, ಅದು ಹೊರಗೆ ಹೋಗಬೇಕು. ಅತ್ತಿಗೆ ಓದುವ ರೀತಿಗೆ ಅವಳಿಗೆ ಜರಡಿ ಎಂಬ ಅಡ್ಡಹೆಸರು ಬಿದ್ದಿತ್ತು. ಅದನ್ನು ಇಟ್ಟವಳು ನಾದಿನಿಯೇ.

ಅವರ ಕಂಪನಿ ಮಾಡುತ್ತಿದ್ದ ತಂತ್ರಾಂಶದ ಕೆಲಸ ಸರಳ. ದೊಡ್ಡ ದೊಡ್ಡ ಸಂಸ್ಥೆಗಳ ಕಂಪ್ಯೂಟರುಗಳೊಳಗೆ ಕೂತು, ಯಾರು ಲಾಗಿನ್ ಆದರು, ಯಾರ ಪಾಸ್‌ವರ್ಡ್ ತಪ್ಪಾಯಿತು, ಯಾರು ಯಾವ ಕಡತ ತೆರೆದರು ಎಂದು ಬಿಡದೆ ಬರೆದಿಡುವುದು. ಏನನ್ನು ಬರೆಯಬೇಕು, ಏನನ್ನು ಬಿಡಬೇಕು ಎಂಬುದನ್ನು ಆಯಾ ಸಂಸ್ಥೆಯವರೇ ಒಂದು ಪುಟ್ಟ ಕಡತದಲ್ಲಿ ಸಾಲಿಗೊಂದರಂತೆ ಹೇಳಿರುತ್ತಾರೆ. ಅದಕ್ಕೆ ಕಾನ್ಫಿಗ್ ಫೈಲ್ ಎನ್ನುತ್ತಾರೆ. ಅದನ್ನು ಓದಿ ಅರ್ಥ ಮಾಡಿಕೊಳ್ಳುವ ಭಾಗವನ್ನು ನಾದಿನಿ ಹೊಸದಾಗಿ ಬರೆದಿದ್ದಳು. ಹಳೆಯದು ಕಡತವನ್ನು ಎರಡು ಬಾರಿ ಓದುತ್ತಿತ್ತು, ಇದು ಒಂದೇ ಬಾರಿ.

"ಚೆನ್ನಾಗಿ ಬರೆದಿದ್ದೀಯ ಕಣೇ," ಎಂದಳು ಅತ್ತಿಗೆ.

ನಾದಿನಿಯ ಮುಖ ಅರಳಿತು. ಅತ್ತಿಗೆಯ ಬಾಯಿಂದ ಇಂಥ ಮಾತು ಉದುರುವುದು ಅಪರೂಪ. ಅದು ಸುಳ್ಳು ಹೊಗಳಿಕೆಯೂ ಆಗಿರಲಿಲ್ಲ. ಕೋಡ್ ನೀರು ಹರಿದ ಹಾಗೆ ಹರಿಯುತ್ತಿತ್ತು, ಎಲ್ಲೂ ಎಡವುವಂತಿರಲಿಲ್ಲ. ಓದುತ್ತ ಓದುತ್ತ ಅತ್ತಿಗೆಗೂ ಹುರುಪು ಬಂದಿತ್ತು. ಆ ಹುರುಪಿನಲ್ಲೇ ಅವಳು ಒಂದು ಕಡೆ ಥಟ್ಟನೆ ನಿಂತಳು.

"ಇರು. ಇಲ್ಲಿ ನೀನು ಮೊದಲು ಸಾಲುಗಳನ್ನ ಜೋಡಿಸ್ತಿದ್ದೀಯ."

"ಹೌದು. ಸಾಲಿನ ಕೊನೇಲಿ ಬ್ಯಾಕ್‌ಸ್ಲ್ಯಾಶ್, ಆ ಓರೆಗೆರೆ, ಇದ್ರೆ ಮುಂದಿನ ಸಾಲೂ ಅದರದ್ದೇ ಅಂತ ಅರ್ಥ. ನಿಯಮ ಉದ್ದ ಆದಾಗ ಜನ ಹಾಗೇ ಮುರಿದು ಬರೀತಾರೆ. ಹಳೇದರಲ್ಲೂ ಇತ್ತಲ್ಲ."

"ಇತ್ತು. ಆದ್ರೆ ಹಳೇದು ಕಾಮೆಂಟ್‌ಗಳನ್ನ ಮೊದಲು ಎತ್ತಿ ಬಿಸಾಕ್ತಿತ್ತು, ಆಮೇಲೆ ಜೋಡಿಸ್ತಿತ್ತು. ನೀನು ಮೊದಲು ಜೋಡಿಸಿ, ಆಮೇಲೆ ಕಾಮೆಂಟ್ ತೆಗೀತಿದ್ದೀಯ."

"ಎರಡೂ ಒಂದೇ ಅಲ್ವಾ?"

ಅತ್ತಿಗೆ ಕುರ್ಚಿಯನ್ನು ಮುಂದಕ್ಕೆಳೆದುಕೊಂಡಳು. ಅವಳ ಬೆರಳುಗಳು ಆಗಲೇ ಕೀಲಿಮಣೆಯ ಮೇಲಿದ್ದವು. ಕಾಮೆಂಟ್ ಎಂದರೆ ಮನುಷ್ಯರು ತಮ್ಮ ನೆನಪಿಗೆ ಬರೆದುಕೊಳ್ಳುವ ಟಿಪ್ಪಣಿ. ಯಂತ್ರ ಅದನ್ನು ಓದದೆ ದಾಟಬೇಕು. ಅವಳು ಒಂದು ಸಣ್ಣ ಕಡತ ಬರೆದಳು. ಮೊದಲ ಸಾಲು ಒಂದು ಟಿಪ್ಪಣಿ, ಅದರ ತುದಿಗೆ ಬೇಕೆಂದೇ ಒಂದು ಓರೆಗೆರೆ. ಎರಡನೆಯ ಸಾಲು ಒಂದು ನಿಯಮ: ಎಲ್ಲ ಲಾಗಿನ್‌ಗಳನ್ನೂ ಬರೆದಿಡು.

"ನಡೆಸ್ತೀನಿ, ನೋಡು."

ಇಬ್ಬರೂ ಪರದೆಗೆ ಮೂಗು ತಾಗಿಸುವಷ್ಟು ಬಗ್ಗಿದರು. ತಂತ್ರಾಂಶ ಎದ್ದಿತು. ಎಲ್ಲ ಸರಿಯಿದೆ ಎಂದು ಹೇಳುವ ಹಸಿರು ದೀಪ ಪರದೆಯ ಮೂಲೆಯಲ್ಲಿ ಹತ್ತಿತು. ಓದಿಕೊಂಡ ನಿಯಮಗಳು ಎಷ್ಟು ಎಂದು ಅತ್ತಿಗೆ ಕೇಳಿದಳು.

ಸೊನ್ನೆ.

"ಸಿಕ್ಕಿತು!" ಎಂದು ಅತ್ತಿಗೆ ಮೇಜು ಗುದ್ದಿದ ರಭಸಕ್ಕೆ ಪೆನ್ನಿನ ಡಬ್ಬಿ ಉರುಳಿತು. "ಟಿಪ್ಪಣಿ ತನ್ನ ಕೆಳಗಿನ ಸಾಲನ್ನ ಹಾಗೇ ನುಂಗಿಬಿಡ್ತು ನೋಡೇ! ತಪ್ಪು ಅಂತ ಒಂದು ಮಾತಿಲ್ಲ, ಏನೂ ಇಲ್ಲ. ಹಸಿರು ದೀಪ ಬೇರೆ ಉರೀತಿದೆ!"

ನಾದಿನಿ ಕಣ್ಣು ಕಣ್ಣು ಬಿಟ್ಟಳು. ಒಂದು ಕ್ಷಣ ಮುಖ ಸಪ್ಪೆಯಾಯಿತು, ಮರುಕ್ಷಣ ಅವಳಿಗೂ ಅದೇ ಹುಚ್ಚು ಹಿಡಿಯಿತು. "ಇನ್ನೊಂದ್ಸಲ ನಡೆಸಿ. ಇಲ್ಲಿ ಕೊಡಿ, ನಾನು ನಡೆಸ್ತೀನಿ." ನಡೆಸಿದಳು. ಸೊನ್ನೆ. ಓರೆಗೆರೆ ಅಳಿಸಿ ನಡೆಸಿದಳು. ಒಂದು. ಮತ್ತೆ ಹಾಕಿದಳು. ಸೊನ್ನೆ. "ಅಯ್ಯೋ ದೇವರೇ, ಎಷ್ಟು ಚೆನ್ನಾಗಿದೆ ಈ ತಪ್ಪು!" ಎಂದು ನಕ್ಕಳು. ಆಮೇಲೆ ಅವಳ ಸ್ವಭಾವದಂತೆ ವಾದಕ್ಕೆ ನಿಂತಳು. "ಆದ್ರೂ ಅತ್ತಿಗೆ, ಟಿಪ್ಪಣಿಯ ಕೊನೇಲಿ ಬ್ಯಾಕ್‌ಸ್ಲ್ಯಾಶ್ ಹಾಕೋ ಪುಣ್ಯಾತ್ಮ ಈ ಭೂಮಿ ಮೇಲೆ ಎಲ್ಲಿದ್ದಾನೆ?"

"ಹುಡುಕೋಣ."

ಗಿರಾಕಿಗಳು ಏನಾದರೂ ತೊಡಕಾದಾಗ ತಮ್ಮ ಕಾನ್ಫಿಗ್ ಫೈಲ್ ಕಳಿಸಿ ಸಹಾಯ ಕೇಳುವುದುಂಟು. ಅಂಥವೆಲ್ಲ ಒಂದು ಕಡೆ ಕೂಡಿಬಿದ್ದಿದ್ದವು. ನಾದಿನಿ ಅವನ್ನೆಲ್ಲ ಒಮ್ಮೆಲೇ ಜಾಲಾಡುವ ಒಂದು ಸಾಲಿನ ಆಜ್ಞೆ ಬರೆದು ಒತ್ತಿದಳು. ಏನೂ ಸಿಗುವುದಿಲ್ಲ ಎಂದು ಹೇಳಲು ಬಾಯಿ ತೆರೆದವಳು ತೆರೆದ ಬಾಯಿಯಲ್ಲೇ ಉಳಿದಳು.

"ಅತ್ತಿಗೆ. ಒಬ್ಬ ಪುಣ್ಯಾತ್ಮ ಇದ್ದಾನೆ."

ಅದು ಕುಡಿಯುವ ನೀರಿನ ಶುದ್ಧೀಕರಣ ಘಟಕದ ಕಡತ. ಅಲ್ಲಿ ಯಾರೋ ಟಿಪ್ಪಣಿ ಬರೆದಿದ್ದರು: ಹಳೆಯ ದಾಖಲೆಗಳು ಇಂಥ ಫೋಲ್ಡರಿನಲ್ಲಿವೆ. ಫೋಲ್ಡರಿನ ವಿಳಾಸ ಓರೆಗೆರೆಯಲ್ಲಿ ಮುಗಿದಿತ್ತು. ಅದರ ಕೆಳಗಿನ ಸಾಲೇ ಲಾಗಿನ್ ನಿಯಮ.

"ನೀರಿನ ಘಟಕಾನಾ?" ಎಂದು ಹಿಂದಿನಿಂದ ಧ್ವನಿ ಬಂತು. ತಂಡದ ಮ್ಯಾನೇಜರು ಲೋಟ ಹಿಡಿದುಕೊಂಡು ಹೋಗುತ್ತಿದ್ದವನು ನಿಂತಿದ್ದ. ಗಡುವು ಗಡುವು ಎಂದು ಜಪ ಮಾಡುವ ಅವನನ್ನು ಎಲ್ಲರೂ ಗಡುವಪ್ಪ ಎಂದೇ ಕರೆಯುತ್ತಿದ್ದರು, ಅವನ ಎದುರಿಗೂ. "ಏನಾಯ್ತು ಅವರದ್ದು?"

ನಾದಿನಿ ಸಂಭ್ರಮದಿಂದ ಎಲ್ಲವನ್ನೂ ಹೇಳಿದಳು. ಹೇಳುತ್ತ ಹೋದಂತೆ ಗಡುವಪ್ಪನ ಮುಖದ ಬಣ್ಣ ಇಳಿಯುತ್ತ ಹೋಯಿತು.

"ಇವತ್ತು ಬೆಳಿಗ್ಗೆ," ಎಂದು ನಾಲಿಗೆ ಕಚ್ಚಿಕೊಂಡ, "ಪ್ರಯೋಗಕ್ಕೆ ಅಂತ ಹೊಸದನ್ನ ಒಂದೇ ಒಂದು ಕಡೆ ಹಾಕಿಸಿದೆ."

"ರಿವ್ಯೂ ಮುಗಿಯೋಕೆ ಮುಂಚೆ?" ಅತ್ತಿಗೆ ಎದ್ದು ನಿಂತಳು.

"ಅವಸರ ಇತ್ತು. ನಿಮ್ಮ ನಾದಿನೀನೇ ಬರೆದದ್ದಲ್ವಾ, ಏನಿರುತ್ತೆ ಅಂತ..."

"ಯಾವ ಕಡೆ?"

ಅವನು ಪರದೆಯ ಕಡೆ ಬೆರಳು ತೋರಿಸಿದ.

ಅತ್ತಿಗೆ ಆಗಲೇ ಕಚೇರಿಯ ಫೋನ್ ಎತ್ತಿದ್ದಳು. ಘಟಕದ ಆಪರೇಟರ್ ಸಿಕ್ಕಿದ. ದನಿ ಕೇಳಿದರೆ ನಡುವಯಸ್ಸು ದಾಟಿದವನು, ಹಿಂದೆ ಪಂಪುಗಳ ಗುಂಯ್ಯೆನ್ನುವ ಸದ್ದು. ಅವಳು ಫೋನನ್ನು ಎಲ್ಲರಿಗೂ ಕೇಳುವಂತೆ ಮೇಜಿನ ಮೇಲಿಟ್ಟು, ನಾದಿನಿಯತ್ತ ತಳ್ಳಿದಳು. "ನೀನೇ ಹೇಳು. ಅದರ ಒಳಹೊರಗು ಗೊತ್ತಿರೋದು ನಿನಗೆ."

"ಅಣ್ಣಾ, ನಮಸ್ಕಾರ. ನಿಮ್ಮ ಲಾಗಿನ್ ದಾಖಲೆ ಒಮ್ಮೆ ನೋಡ್ತೀರಾ? ಬೆಳಿಗ್ಗೆಯಿಂದ ಏನಾದ್ರೂ ಬಂದಿದ್ಯಾ?"

"ಇಲ್ಲಮ್ಮ. ಖಾಲಿ. ಹಸಿರು ದೀಪ ಉರೀತಿದೆ, ಹಾಗಾಗಿ ಸುಮ್ನಿದ್ದೆ. ನಾನೇ ಊಟ ಮುಗಿಸಿ ಬಂದು ಲಾಗಿನ್ ಆದೆ, ಅದೂ ಬಂದಿಲ್ವಲ್ಲ!"

"ಕಾನ್ಫಿಗ್ ಫೈಲ್ ತೆಗೀರಿ. ಹಳೆಯ ದಾಖಲೆಗಳು ಅಂತ ಒಂದು ಟಿಪ್ಪಣಿ ಇದೆ, ಅದರ ಕೊನೇಲಿ ಓರೆಯಾಗಿ ಒಂದು ಗೆರೆ ಇದೆ. ಸಿಕ್ತಾ?"

"ಸಿಕ್ತು. ನಾನೇ ಬರೆದದ್ದು ತಾಯಿ."

"ಆ ಗೆರೆ ಒಂದನ್ನೇ ಅಳಿಸಿ. ಅಳಿಸಿದ್ರಾ? ಉಳಿಸಿ ಈಗ. ರೀಲೋಡ್ ಒತ್ತಿ."

ಕೀಲಿ ಒತ್ತಿದ ಸದ್ದು ಫೋನಿನಲ್ಲೇ ಕೇಳಿತು. ತಂತ್ರಾಂಶ ಎಚ್ಚರವಾದ ಕೂಡಲೇ, ಆ ಗಳಿಗೆಯಲ್ಲಿ ಒಳಗೆ ಯಾರ್ಯಾರು ಇದ್ದಾರೆ ಎಂದು ಮೊದಲು ಬರೆದುಕೊಳ್ಳುತ್ತದೆ. ಆಪರೇಟರ್ ಅದನ್ನು ಗಟ್ಟಿಯಾಗಿ ಓದಿದ. "ಬಂತು, ಬಂತು! ಮೊದಲನೇದು ನಾನು. ಆಮೇಲೆ..." ಅವನು ತಡೆದ. "ಆಮೇಲೆ ನಮ್ಮ ಹಳೇ ಇಂಜಿನಿಯರ್ ಸಾಹೇಬ್ರು."

"ಅವರು ಅಲ್ಲಿದ್ದಾರಾ?"

"ಅವರು ರಿಟೈರ್ ಆಗಿ ಮಗಳ ಊರಿಗೆ ಹೋಗಿ ಎಷ್ಟೋ ಕಾಲ ಆಯ್ತಮ್ಮ!"

ಇದೇ ಹೊತ್ತಿಗೆ ಅತ್ತಿಗೆಯ ಸ್ವಂತ ಮೊಬೈಲು ಬಡಿದುಕೊಂಡಿತು. ಗಂಡ. "ವಾಷಿಂಗ್ ಮಶೀನ್ ರಿಪೇರಿಯವರು ಬಂದಿದ್ದಾರೆ. ಅದು ಏನಂತ ಸದ್ದು ಮಾಡ್ತಿತ್ತು?" ಎಂದ. "ಘರ್ ಅಂತ!" ಎಂದು ಕಿರುಚಿ ಅತ್ತಿಗೆ ಫೋನ್ ಕುಕ್ಕಿದಳು.

ನಾದಿನಿಯ ದನಿ ಮಾತ್ರ ಅಲುಗಲಿಲ್ಲ. ಮನೆಯಲ್ಲಿ ಜಿರಲೆ ಕಂಡರೆ ಕುರ್ಚಿ ಹತ್ತುವವಳು ಇವಳೇನಾ ಎಂದು ಅತ್ತಿಗೆ ಬೆರಗಾಗಿ ನೋಡಿದಳು.

"ಅಣ್ಣಾ, ಗಾಬರಿ ಆಗಬೇಡಿ. ಪಂಪುಗಳನ್ನ ಕೈಯಲ್ಲೇ ನಡೆಸೋಕೆ ಆಗುತ್ತಾ?"

"ಅದೇನು ಕಷ್ಟ, ಕಂಪ್ಯೂಟರ್ ಬರೋಕೆ ಮುಂಚೆ ಹಾಗೇ ನಡೆಸ್ತಿದ್ವಿ."

"ಹಾಗಾದ್ರೆ ಮೊದಲು ಅದನ್ನ ಕೈಗೆ ತಗೊಳ್ಳಿ. ಆಮೇಲೆ ಹೊರಗಿನಿಂದ ಬರೋ ಇಂಟರ್‌ನೆಟ್ ಕೇಬಲ್ ಕೀಳಿ. ಕಂಪ್ಯೂಟರ್ ಮಾತ್ರ ಆರಿಸಬೇಡಿ, ಅದರಲ್ಲಿರೋ ಗುರುತುಗಳು ನಮಗೆ ಬೇಕು."

ದಡದಡ ಹೆಜ್ಜೆ ಸದ್ದು, ಒಂದು ಬಾಗಿಲು ತೆರೆದದ್ದು, ಯಾರಿಗೋ ಕೂಗಿ ಹೇಳಿದ್ದು. ಕಚೇರಿಯಲ್ಲಿ ಅಕ್ಕಪಕ್ಕದ ಮೇಜಿನವರೆಲ್ಲ ಎದ್ದು ಬಂದು ಸುತ್ತುಗಟ್ಟಿದ್ದರು. ಗಡುವಪ್ಪನ ಲೋಟದ ಚಹಾ ಅವನ ಬೂಟಿನ ಮೇಲೆ ಸುರಿಯುತ್ತಿದ್ದುದು ಅವನಿಗೇ ಗೊತ್ತಿರಲಿಲ್ಲ.

"ಕಿತ್ತೆ ತಾಯಿ!" ಆಪರೇಟರ್ ಏದುಸಿರು ಬಿಡುತ್ತಿದ್ದ. "ಸಾಹೇಬ್ರ ಹೆಸರು ಹೋಯ್ತು. ಈಗ ಒಳಗಿರೋನು ನಾನೊಬ್ಬನೇ."

ಕಚೇರಿಗೆ ಕಚೇರಿಯೇ ಹೋ ಎಂದು ಚಪ್ಪಾಳೆ ಹೊಡೆಯಿತು. ನಾದಿನಿ ಆಗ ಕುರ್ಚಿಯಲ್ಲಿ ಕುಸಿದು ಕೂತಳು.

ಘಟಕದವರು ಪೊಲೀಸರನ್ನೂ ತಜ್ಞರನ್ನೂ ಕರೆಸಿದರು. ನಿವೃತ್ತ ಇಂಜಿನಿಯರರ ಖಾತೆಯನ್ನು ಯಾರೂ ಮುಚ್ಚಿರಲಿಲ್ಲ, ಪಾಸ್‌ವರ್ಡೂ ಹಳೆಯದೇ; ಅದು ಯಾರದೋ ಕೈಗೆ ಸಿಕ್ಕಿತ್ತು. ಹೊಕ್ಕವನು ನೀರಿಗೆ ಕ್ಲೋರಿನ್ ಬೆರೆಸುವ ಪರದೆಯವರೆಗೂ ಹೋಗಿ ಇಣುಕಿದ್ದ. ಯಾವುದನ್ನೂ ಬದಲಿಸಿರಲಿಲ್ಲ. ಅವನು ಯಾರೆಂಬುದು ಕೊನೆಗೂ ತಿಳಿಯಲಿಲ್ಲ. ಊರಿನ ಜನ ಎಂದಿನಂತೆ ನಲ್ಲಿ ತಿರುಗಿಸಿ ನೀರು ಕುಡಿದರು.

"ನನ್ನ ಕೋಡಿಂದ ಅಲ್ವಾ ಅತ್ತಿಗೆ ಇಷ್ಟೆಲ್ಲ ಆಗಿದ್ದು," ಎಂದಳು ನಾದಿನಿ, ಗುಂಪು ಚದುರಿದ ಮೇಲೆ.

"ಕೋಡ್ ಬರೆದ ಮೇಲೆ ತಪ್ಪು ಬಂದೇ ಬರುತ್ತೆ, ಅದಕ್ಕೇ ತಾನೆ ನಂಗೆ ಸಂಬಳ ಕೊಡ್ತಿರೋದು. ರಿವ್ಯೂ ಮುಗಿಯೋಕೆ ಮುಂಚೆ ಕಳಿಸಿದೋರು ಅಲ್ಲಿ ಬೂಟು ಒರೆಸಿಕೊಳ್ತಿದ್ದಾರೆ ನೋಡು. ಆ ಕಳ್ಳನಿಗೆ ಬಾಗಿಲು ತೆರೆದದ್ದೂ ನೀನಲ್ಲ. ಓಡಿಸಿದ್ದು ಮಾತ್ರ ನೀನು."

ಗಡುವಪ್ಪ ಬಂದು ನಿಂತು, ತಪ್ಪಾಯಿತು ಎಂದ. ಇನ್ನು ಮೇಲೆ ಒಪ್ಪಿಗೆಯಿಲ್ಲದೆ ಯಾವುದನ್ನೂ ಹೊರಗೆ ಕಳಿಸಲಾಗದಂತೆ ವ್ಯವಸ್ಥೆಗೇ ಬೀಗ ಹಾಕಿಸುತ್ತೇನೆ, ಕೀಲಿ ನನ್ನ ಕೈಗೂ ಬೇಡ ಎಂದ. ಹಾಗೆಯೇ ಮಾಡಿದ ಕೂಡ.

ನಾದಿನಿ ಕೋಡ್ ತಿದ್ದಲು ಕೂತಳು. ಟಿಪ್ಪಣಿ ತೆಗೆಯುವುದನ್ನು ಮೊದಲಿಗೆ ತಂದಳು. ಅಷ್ಟಕ್ಕೆ ಅವಳ ಸಿಟ್ಟು ತಣಿಯಲಿಲ್ಲ. ಕಡತ ಓದಿ ಮುಗಿದ ಮೇಲೆ ಲಾಗಿನ್ ನಿಯಮ ಒಂದೂ ಉಳಿಯದಿದ್ದರೆ ಹಸಿರು ದೀಪ ಹತ್ತಲೇಬಾರದು, ಕೆಂಪು ಉರಿದು ಬೊಬ್ಬೆ ಹೊಡೆಯಬೇಕು ಎಂದು ಬರೆದಳು.

ಅತ್ತಿಗೆ ಮತ್ತೆ ಮೊದಲ ಸಾಲಿನಿಂದ ಓದಿದಳು. "ಬೇಕಂತಲೇ ಲಾಗಿನ್ ಬೇಡ ಅನ್ನೋರು ಇದ್ರೆ?" ಎಂದು ತಕರಾರು ತೆಗೆದಳು. "ಬೇಡ ಅಂತ ಬಾಯಿಬಿಟ್ಟು ಬರೀಲಿ. ಸುಮ್ನಿದ್ರೆ ಬೇಡ ಅಂತ ಅರ್ಥ ಮಾಡ್ಕೊಳ್ಳಲ್ಲ ನಾನು," ಎಂದು ನಾದಿನಿ ತಿರುಗಿಸಿ ಕೊಟ್ಟಳು. ಅತ್ತಿಗೆ ಅವಳಿಂದ ಅದಕ್ಕೊಂದು ಸಾಲು ಬರೆಸಿ, ಒಪ್ಪಿಗೆ ಒತ್ತಿದಳು.

ಬಸ್ಸಿನ ಹೊತ್ತಾಗಿತ್ತು. ನಾದಿನಿ ಏಳಲೊಲ್ಲಳು. ತನ್ನದೇ ಕೋಡನ್ನು ಮುರಿಯುವ ಹುಚ್ಚು ಅವಳಿಗೆ ಹತ್ತಿಬಿಟ್ಟಿತ್ತು. ಖಾಲಿ ಕಡತ ಕೊಟ್ಟಳು, ಅರ್ಧಕ್ಕೆ ನಿಂತ ಸಾಲು ಕೊಟ್ಟಳು, ಎಮೋಜಿ ತುಂಬಿದ ಟಿಪ್ಪಣಿ ಕೊಟ್ಟಳು. ಪ್ರತಿಸಲವೂ, "ತಡ್ಕೊಂಡಿತು ಅತ್ತಿಗೆ!" ಎಂದು ಕೂಗಿದಳು.

"ಏಳೇ ಸಾಕು."

"ಇನ್ನೊಂದೇ ಒಂದು. ಟಿಪ್ಪಣಿ ಒಳಗೆ ಇನ್ನೊಂದು ಟಿಪ್ಪಣಿ, ಅದರ ಕೊನೇಲಿ ಮತ್ತೆ..."

ಅತ್ತಿಗೆ ಎರಡೂ ಬ್ಯಾಗುಗಳನ್ನು ಹೆಗಲಿಗೇರಿಸಿಕೊಂಡು ಬಾಗಿಲವರೆಗೆ ಹೋದಳು. ಅಲ್ಲಿ ನಿಂತು ಯೋಚಿಸಿದಳು. ಬ್ಯಾಗುಗಳನ್ನು ಕೆಳಗಿಟ್ಟು, ಕುರ್ಚಿ ಎಳೆದುಕೊಂಡು ವಾಪಸು ಬಂದು ಕೂತಳು.

"ಸರಿ, ನಡೆಸು ನೋಡೋಣ."