ಡಬ್ಬಿಯ ಕೆಂಪು ಕಾಳು

ನನ್ನ ಗಂಡ ಹೋಯ್‌ಚಾನ್ ಆ ಚಳಿಗಾಲವೆಲ್ಲ ಊಟದ ಮೇಜಿನ ಮೇಲೆ ಜೂಜಾಡಿದ. ಹಣ ಕಟ್ಟಿ ಅಲ್ಲ, ಪಾಯಸಕ್ಕೆಂದು ನಾನು ತಂದಿಟ್ಟಿದ್ದ ಕೆಂಪು ಕಾಳು ಕಟ್ಟಿ. ಇಸ್ಪೀಟಿನ ಎಲೆ ಹಂಚುವವಳು ನಾನು. ಒಂದು ಎಲೆ ನೀಲಿ ಕಡೆಗೆ, ಒಂದು ಕೆಂಪು ಕಡೆಗೆ, ಮತ್ತೆ ಒಂದೊಂದು. ಯಾವ ಕಡೆಯ ಮೊತ್ತ ಒಂಬತ್ತಕ್ಕೆ ಹತ್ತಿರವೋ ಆ ಕಡೆ ಗೆದ್ದಂತೆ. ಅವನು ಸದಾ ನೀಲಿ. ಸಮುದ್ರ ನಂಬಿ ಬದುಕಿದವನು ಬೇರೆ ಬಣ್ಣಕ್ಕೆ ಹೋದರೆ ಕಡಲ ದೇವತೆ ಆ-ಮಾ ತಾಯಿ ಸಿಟ್ಟಾಗುತ್ತಾಳಂತೆ.

ಎಲ್ಲಿಂದಲೋ ಒಂದು ಲೆಕ್ಕ ಕಲಿತು ಬಂದಿದ್ದ. ಮೊದಲು ಒಂದು ಕಾಳು ಕಟ್ಟಬೇಕು. ಸೋತರೆ ಎರಡು, ಮತ್ತೆ ಸೋತರೆ ನಾಲ್ಕು, ಹೀಗೆ ಗೆಲ್ಲುವವರೆಗೆ ದುಪ್ಪಟ್ಟು. ಗೆದ್ದ ಕೂಡಲೇ ಸೋತದ್ದೆಲ್ಲ ವಾಪಸು, ಮೇಲೊಂದು ಕಾಳು ಲಾಭ.

"ಇದಕ್ಕೆ ಸೋಲೇ ಇಲ್ಲ ಸಾಮ್‌ಮುಯ್," ಎನ್ನುತ್ತಿದ್ದ. "ಯಾವತ್ತಾದ್ರೂ ನೀಲಿ ಬರ್ಲೇಬೇಕಲ್ಲ?"

ನೀಲಿ ಬರುತ್ತಿತ್ತು, ನಿಜ. ಆದರೆ ಎಷ್ಟೋ ಸಲ ಅಷ್ಟರೊಳಗೆ ಅವನ ಬಟ್ಟಲು ಬರಿದಾಗಿರುತ್ತಿತ್ತು. ಆಗ ಅವನ ಕೈ ತಾನಾಗಿಯೇ ನನ್ನ ಡಬ್ಬಿಗೆ ಹೋಗಿ ಒಂದು ಹಿಡಿ ಕಾಳು ತರುತ್ತಿತ್ತು. ಅದನ್ನು ಅವನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ.

"ಕ್ಯಾಸಿನೊದಲ್ಲಿ ಡಬ್ಬಿ ಇರಲ್ಲ ಕಣೋ ಮುದುಕ," ಎಂದೆ ಒಮ್ಮೆ.

"ನೀನು ಎಲೆ ಹಾಕು, ಮಾತು ಬೇಡ," ಎಂದ.

ಅವನಿಗೆ ದುಡ್ಡಿನ ಆಸೆ ಇರಲಿಲ್ಲ. ಇದ್ದದ್ದು ಒಂದು ದೋಣಿಯ ಆಸೆ. ನಮ್ಮೂರು ಕೊಲೋಅನ್‌ನ ಕಡಲಂಚಿನ ಕೊಟ್ಟಿಗೆಗಳಲ್ಲಿ ಅವನು ತಲೆ ನರೆಯುವವರೆಗೆ ಮರದ ದೋಣಿ ಕಟ್ಟಿದವನು. ಈಗ ಆ ಕೊಟ್ಟಿಗೆಗಳ ತಗಡು ಕಳಚಿ ಬಿದ್ದಿದೆ, ಮರದ ದೋಣಿ ಕೇಳುವವರಿಲ್ಲ. ನಾನು ದೋಣಿಯಲ್ಲೇ ಹುಟ್ಟಿದವಳು. ಇವನನ್ನು ಕಟ್ಟಿಕೊಂಡು ದಡ ಹತ್ತಿದ ಮೇಲೆ ಒಂದು ದಿನವೂ ನೆಟ್ಟಗೆ ನಿದ್ದೆ ಮಾಡಿಲ್ಲ, ನೆಲ ಅಲುಗುವುದಿಲ್ಲವಲ್ಲ ಎಂದು. ಕೊನೆಗಾಲಕ್ಕೆ ನಮಗೆಂದೇ ಒಂದು ದೋಣಿ ಕಟ್ಟುತ್ತೇನೆ ಎಂದು ಅವನು ಮಾತು ಕೊಟ್ಟಿದ್ದ. ಕೂಡಿಟ್ಟ ಹಣಕ್ಕೆ ಒಂದು ಸಣ್ಣ ದೋಣಿಯ ಮರ ಬರುತ್ತಿತ್ತು. ಅವನಿಗೆ ದೊಡ್ಡದು ಬೇಕು, ಮೇಲೆ ಮಾಡು ಇರುವಂಥದ್ದು, ಇಬ್ಬರೂ ಕಾಲು ಚಾಚಿ ಮಲಗುವಂಥದ್ದು.

ಹೊಸ ವರ್ಷದ ಪಟಾಕಿ ಮುಗಿದ ವಾರ, ಒಂದು ಬೆಳಿಗ್ಗೆ ಬೀರುವಿನಿಂದ ಅರ್ಧ ಹಣ ತೆಗೆದುಕೊಂಡು, ಅದೃಷ್ಟಕ್ಕೆಂದು ಹೊಸ ಕೆಂಪು ಚಡ್ಡಿ ಹಾಕಿಕೊಂಡು, "ಆಲದ ಕಟ್ಟೆಗೆ ಚದುರಂಗ ಆಡೋಕೆ ಹೋಗ್ತೀನಿ" ಎಂದು ಹೊರಟ. ಚದುರಂಗಕ್ಕೆ ಕೆಂಪು ಚಡ್ಡಿ ಏತಕ್ಕೆ? ಆ ಅರ್ಧ ಹೋದರೆ ಸಣ್ಣ ದೋಣಿಯೂ ಇಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು. ಉಳಿದರ್ಧ ಚೀಲಕ್ಕೆ ಹಾಕಿಕೊಂಡು, ನೆಗಡಿಯವರ ಹಾಗೆ ಮುಖಕ್ಕೆ ಮಾಸ್ಕ್ ಕಟ್ಟಿಕೊಂಡು, ಅವನು ಹತ್ತಿದ ಬಸ್ಸಿಗೇ ಹಿಂಬಾಗಿಲಿನಿಂದ ಹತ್ತಿದೆ.

ಕ್ಯಾಸಿನೊದ ಮುಂಬಾಗಿಲು ಅಪಶಕುನವೆಂದು ಅವನು ಪಕ್ಕದ ಬಾಗಿಲಿನಿಂದ ಒಳಗೆ ಹೋದ. ಹಿಂದೆಯೇ ನಾನು. ಹೊರಗೆ ಇನ್ನೂ ಎಳೆ ಬಿಸಿಲು, ಒಳಗೆ ಆಗಲೇ ಸಂಜೆ. ಚಾವಣಿಗೆ ಆಕಾಶ ಬರೆದಿದ್ದರು. ಮೋಡದ ಅಂಚಿಗೆ ಮುಳುಗುವ ಸೂರ್ಯನ ಬಣ್ಣ. ಆ ಸೂರ್ಯ ಮುಳುಗುವುದೂ ಇಲ್ಲ, ಕಾಣುವುದೂ ಇಲ್ಲ. ಕಾಲಡಿಯ ಜಮಖಾನದಲ್ಲಿ ಅಲೆ ಅಲೆ. ಅದರ ಮೇಲೆ ಕಾಲಿಟ್ಟದ್ದೇ ನೆಲ ಮೆಲ್ಲಗೆ ತೂಗಿದಂತಾಯಿತು. ಮಾತುಗಳೆಲ್ಲ ನೀರೊಳಗಿಂದ ಕೇಳುತ್ತಿದ್ದವು. ಬೈಯಲು ಬಂದವಳಿಗೆ ಕಣ್ಣು ಎಳೆಯತೊಡಗಿತು. ಎಷ್ಟು ವರ್ಷವಾಯಿತು ಹಾಗೆ ನಿದ್ದೆ ಬಂದು!

ಅವನು ಒಂದು ಮೇಜಿಗೆ ಕೂತ. ನಾನು ಅವನ ಹಿಂದೆ ಜನರ ಎರಡು ಸಾಲು ಬಿಟ್ಟು ನಿಂತೆ. ಹೆಗಲು ಹಿಡಿದು ಎಬ್ಬಿಸಿಕೊಂಡು ಹೋಗೋಣವೆನಿಸಿತು. ಆದರೆ ಜೂಜಾಡುವವನ ಹೆಗಲು ಮುಟ್ಟಬಾರದು. ಮುಟ್ಟಿದರೆ ಅದೃಷ್ಟ ಇಳಿದುಹೋಗಿ ಅಂದಿನ ಆಟ ಮುಗಿದಂತೆಯೇ. ನಮ್ಮ ಮಕಾವ್‌ನಲ್ಲಿ ಹಸುಗೂಸಿಗೂ ಇದು ಗೊತ್ತು. ಹೆಂಡತಿ ಮುಟ್ಟಿ ಕೆಡಿಸಿದಳು ಎನ್ನುವ ಮಾತು ಸಾಯುವವರೆಗೂ ಕೇಳಬೇಕಾಗುತ್ತಿತ್ತು.

ಅವನು ನೀಲಿಗೆ ಐದು ನೂರರ ಒಂದು ಬಿಲ್ಲೆ ಇಟ್ಟ. ತೂಗುವ ನೆಲದ ಮೇಲೆ ನಿಂತಿದ್ದಂತೆಯೇ ನನಗೊಂದು ಯೋಚನೆ ಹೊಳೆಯಿತು. ಹಣ ಕೊಟ್ಟು ನಾನೂ ಬಿಲ್ಲೆ ಕೊಂಡೆ, ಜನರ ನಡುವೆ ಕೈ ತೂರಿಸಿ ಕೆಂಪಿಗೆ ಅಷ್ಟೇ ಇಟ್ಟೆ. ಅವನು ಗೆದ್ದರೆ ನನ್ನ ಚೀಲದಿಂದ ಹೋಗುತ್ತದೆ, ಸೋತರೆ ನನ್ನ ಚೀಲಕ್ಕೆ ಬರುತ್ತದೆ. ದೋಣಿಯೊಳಗೆ ಬಂದ ನೀರು ಈ ತುದಿಯಿಂದ ಆ ತುದಿಗೆ ಹೋಗಲಿ, ದೋಣಿ ಮುಳುಗದಿದ್ದರೆ ಸರಿ.

ಮೊದಮೊದಲು ಅವನೇ ಗೆದ್ದ. ಅವನ ಬೆನ್ನು ನೆಟ್ಟಗಾಗುತ್ತಾ ಬಂತು. ನನ್ನ ಚೀಲ ಸೊರಗಿತು. ಅವನು ನನ್ನನ್ನೇ ದೋಚುತ್ತಿದ್ದಾನೆಂದು ಅವನಿಗೆ ಹೇಗೆ ಗೊತ್ತಾಗಬೇಕು? ಮರವಾಗಲಿ ಎಲೆಯಾಗಲಿ, ಕೈಯಲ್ಲಿ ಹಿಡಿದನೆಂದರೆ ಅವನಿಗೆ ಲೋಕ ಕಾಣುವುದಿಲ್ಲ.

ಆಮೇಲೆ ಕೆಂಪು ಶುರುವಾಯಿತು. ಒಂದರ ಹಿಂದೆ ಒಂದು, ಬರೀ ಕೆಂಪು. ಅವನು ದುಪ್ಪಟ್ಟು ಮಾಡಿದ, ನಾನೂ ಮಾಡಿದೆ. ಅವನು ಸೋತ, ನನಗೆ ಬಂತು. ಕೆಂಪು ಗೆದ್ದಾಗೆಲ್ಲ ಕ್ಯಾಸಿನೊದವರು ಸ್ವಲ್ಪ ಮುರಿದುಕೊಳ್ಳುತ್ತಾರೆ. ಗಂಡನ ಬೆನ್ನು ನೋಡಲು ಕೊಟ್ಟ ಟಿಕೆಟ್ಟು ಅಂದುಕೊಂಡೆ.

ಅವನ ಎದುರು ಕೂತಿದ್ದ ಹಸಿರು ಬಳೆಯ ಹೆಂಗಸು ಸುತ್ತಲಿನವರಿಗೆ ಹೇಳಿದಳು: "ನೋಡ್ರಪ್ಪ, ಈ ಅಜ್ಜ ಒಳ್ಳೇ ದೀಪ. ಅವನು ಎಲ್ಲಿ ಇಡ್ತಾನೋ ಅದರ ಎದುರು ಇಡಿ, ದಾರಿ ಕಾಣುತ್ತೆ."

ಕೆಟ್ಟ ಅದೃಷ್ಟದವನನ್ನು ಇಲ್ಲಿ ದೀಪ ಎನ್ನುತ್ತಾರೆ. ಬೇರೆ ಮೇಜಿನವರೂ ಎದ್ದು ಬಂದರು. "ಅಜ್ಜ, ಏಳಬೇಡ ಮಾರಾಯ," ಎಂದ ಒಬ್ಬ. "ಟೀ ತರಿಸ್ಲಾ? ನಮ್ಮ ಮಕ್ಕಳು ಮರಿ ನಿನ್ನ ಹೆಸರು ಹೇಳ್ಕೊಂಡು ಊಟ ಮಾಡ್ತಾರೆ."

ಹೋಯ್‌ಚಾನ್ ಉಳಿದಿದ್ದ ಬಿಲ್ಲೆಗಳನ್ನೆಲ್ಲ ಎರಡೂ ಕೈಯಿಂದ ನೀಲಿಗೆ ತಳ್ಳಿದ. ಬೀರುವಿನ ಅರ್ಧದಲ್ಲಿ ಉಳಿದದ್ದು ಅಷ್ಟೇ. ಕೆಂಪಿನ ಕಡೆ ಬಿಲ್ಲೆಗಳ ಗುಡ್ಡ ಬೆಳೆಯಿತು. ನೀಲಿಯ ಕಡೆ ಅವನೊಬ್ಬನೇ. ಅವನ ಕಿವಿಯ ಹಿಂದೆ ಬೆವರು ಇಳಿಯುತ್ತಿತ್ತು.

ನನ್ನ ಕೈಯಲ್ಲೂ ಅಷ್ಟೇ ಬಿಲ್ಲೆಗಳಿದ್ದವು. ಕೆಂಪಿಗೆ ಇಟ್ಟರೆ ಮುಗಿಯಿತು, ಅವನು ಗೆದ್ದರೂ ಸೋತರೂ ದೋಣಿ ಉಳಿಯುತ್ತದೆ. ಕೈ ಚಾಚಿದೆ. ಅಷ್ಟರಲ್ಲಿ ಆ ಹೆಂಗಸು ನಕ್ಕಳು, ಜೊತೆಗೆ ಎಲ್ಲರೂ ನಕ್ಕರು. ಈ ಮುದುಕನನ್ನು ಬೈಯುವ ಹಕ್ಕು ನನ್ನೊಬ್ಬಳದು. ಅಷ್ಟೊಂದು ಜನ ಅವನ ಎದುರು ನಿಂತಿರುವಾಗ ಅವರ ಜೊತೆ ನಾನೂ ನಿಲ್ಲುವುದೇ? ಬುದ್ಧಿ ಎಲ್ಲಿಗೆ ಹೋಗಿತ್ತೋ, ಕೈ ತಿರುಗಿತು. ಅವನ ಬಿಲ್ಲೆಗಳ ಪಕ್ಕದಲ್ಲಿ, ನೀಲಿಗೆ, ನನ್ನವನ್ನೂ ಇಟ್ಟುಬಿಟ್ಟೆ.

ಈಗ ಕೆಂಪು ಬಂದರೆ ದೋಣಿ ಹೋಯಿತು, ಚೀಲದಲ್ಲಿ ಉಳಿದದ್ದು ಸಣ್ಣದಕ್ಕೂ ಸಾಲದು.

ಯಾವ ಕಡೆ ಯಾರು ಹೆಚ್ಚು ಕಟ್ಟಿರುತ್ತಾರೋ ಅವರೇ ಆ ಕಡೆಯ ಎಲೆ ತೆರೆಯಬೇಕು. ಕೆಂಪಿನವು ಹಸಿರು ಬಳೆಯವಳಿಗೆ, ನೀಲಿಯವು ಇವನಿಗೆ. ಅವನು ಎಲೆಯ ಅಂಚನ್ನು ಹೆಬ್ಬೆರಳಿನಿಂದ ಮೆಲ್ಲಗೆ ಎತ್ತಿದ, ಹಲಗೆಯ ಬಿರುಕು ನೋಡುವ ಹಾಗೆ. ಒಂದು ರಾಜ, ಅದಕ್ಕೆ ಬೆಲೆಯಿಲ್ಲ. ಇನ್ನೊಂದು ಆರು. ಆರಕ್ಕೆ ಇನ್ನೊಂದು ಎಲೆ ಸಿಗುವುದಿಲ್ಲ. ಹೆಂಗಸು ತನ್ನ ಎಲೆಗೆ ಉಫ್ ಉಫ್ ಎಂದು ಊದುತ್ತಾ ತೆರೆದಳು. ಎರಡು. ಮತ್ತೆ ಊದಿದಳು. ನಾಲ್ಕು.

"ಆರಕ್ಕೆ ಆರು, ಸಮ," ಎಂದಳು ಎಲೆ ಹಾಕುವ ಹುಡುಗಿ. "ಯಾರ ದುಡ್ಡೂ ಹೋಗಿಲ್ಲ. ಇಟ್ಟಿದ್ದು ಇರ್ಲಾ, ತೆಗೀತೀರಾ?"

ಕೆಂಪಿನವರು ಯಾರೂ ಕೈ ಹಾಕಲಿಲ್ಲ. ಹೋಯ್‌ಚಾನ್ ತನ್ನ ಪಕ್ಕದ ಬಿಲ್ಲೆಗಳನ್ನು ಆಗ ಕಂಡ.

"ಇದು ಯಾರದು?"

"ನಂದು," ಎಂದೆ.

ತಿರುಗಿ ನೋಡಿದ. ಮಾಸ್ಕ್ ಇಳಿಸಿದೆ. ಕನಸಿನಲ್ಲಿ ಕಂಡವಳನ್ನು ನೋಡುವಂತೆ ನೋಡಿದ.

"ಯಾವಾಗ ಬಂದೆ?"

"ನಿನ್ನ ಜೊತೇಲೇ. ಬಸ್ಸಿನ ಹಿಂದಿನ ಸೀಟು."

"ಅವಾಗಿಂದ ನೀಲಿಗೇ ಇಡ್ತಿದ್ಯಾ?"

"ಇಲ್ಲ, ಕೆಂಪಿಗೆ. ನೀನು ಇಟ್ಟಷ್ಟೇ. ನೀನು ಸೋತಿದ್ದೆಲ್ಲ ಇಲ್ಲಿದೆ," ಎಂದು ಚೀಲ ತಟ್ಟಿದೆ. "ಇದೊಂದು ಸಲ ಮಾತ್ರ ನೀಲಿಗೆ ಇಟ್ಟೆ."

"ಯಾಕೆ?"

"ಅವರೆಲ್ಲ ನಗ್ತಿದ್ರು."

ಅವನು ಚೀಲ ನೋಡಿದ, ಬಿಲ್ಲೆ ನೋಡಿದ, ತನ್ನ ಬರಿಗೈ ನೋಡಿಕೊಂಡ. "ಹಾಗಾದ್ರೆ ಡಬ್ಬಿ ಇಲ್ಲೂ ಇತ್ತು," ಎಂದ, ಮೆಲ್ಲಗೆ.

"ಇತ್ತು. ಈಗಷ್ಟೇ ಅದೂ ತೂತಾಗ್ತಿತ್ತು."

"ಅಜ್ಜ, ಬೇಗ ಹೇಳಿ," ಎಂದಳು ಹುಡುಗಿ. "ಇರ್ಲಾ?"

ಅವನು ಬಿಲ್ಲೆಗಳನ್ನು ಮುಟ್ಟಲಿಲ್ಲ. ಮೊದಲು ನನ್ನ ಕೈ ಹಿಡಿದ. ಎಲ್ಲರೂ ನೋಡುತ್ತಿರುವಂತೆಯೇ ಅದನ್ನು ಎತ್ತಿ ತನ್ನ ಹೆಗಲ ಮೇಲೆ ತಾನೇ ಇಟ್ಟುಕೊಂಡ.

"ಅಯ್ಯೋ, ದೀಪ ಆರಿಸ್ಬಿಟ್ರಲ್ಲ," ಎಂದಳು ಹಸಿರು ಬಳೆಯವಳು. ಯಾರೂ ನಗಲಿಲ್ಲ. ಅವನು ಎರಡೂ ರಾಶಿ ಬಾಚಿಕೊಂಡು ಎದ್ದ.

ಅಲೆಯ ಜಮಖಾನ ದಾಟಿ ಪಕ್ಕದ ಬಾಗಿಲಿನ ಹತ್ತಿರ ಬಂದಾಗ ಹಿಂದೆ ಆ ಮೇಜಿನಿಂದ ದೊಡ್ಡ ಗೋಳು ಕೇಳಿತು. ಹೋಯ್‌ಚಾನ್ ನಿಂತ.

"ನೀಲಿ ಬಂತು," ಎಂದ.

"ಬಂತು."

"ಇಟ್ಟಿದ್ರೆ ದೊಡ್ಡ ದೋಣಿ ಆಗೋದು."

ನನ್ನ ಕೈ ಇನ್ನೂ ಅವನ ಹೆಗಲ ಮೇಲಿತ್ತು. ಅವನು ಬಾಗಿಲು ತಳ್ಳಿದ. ಹೊರಗೆ ನಿಜವಾದ ಮಧ್ಯಾಹ್ನ, ಕಣ್ಣು ಚುಚ್ಚುವ ಬಿಸಿಲು.

ಬಸ್ಸು ಸೇತುವೆ ಹತ್ತಿ ತೂಗತೊಡಗಿದಾಗ ಅವನು ಕೇಳಿದ: "ಸಣ್ಣದರಲ್ಲಿ ಇಬ್ರು ಮಲಗೋಕೆ ಆಗಲ್ಲ, ಗೊತ್ತಲ್ಲ?"

"ನೀನು ಹುಟ್ಟು ಹಾಕು," ಎಂದೆ. "ನಾನು ಮಲಗ್ತೀನಿ."

ಅವನು ಏನೋ ಹೇಳಿದ. ನನಗೆ ಕೇಳಿಸಲಿಲ್ಲ, ಅಷ್ಟರಲ್ಲಿ ಅವನ ಹೆಗಲಿಗೆ ಒರಗಿ ನಿದ್ದೆ ಹೋಗಿದ್ದೆ.